ಬಾಯಿ ಬಿಟ್ಟರೆ ಊರು ಗೊತ್ತು

ಬೆಂಗಳೂರಿನ ಐಟಿ ಕಂಪನಿಯೊಂದರ ಕ್ಯಾಂಟೀನ್. ಒಂದೇ ಮೇಜಿನ ಸುತ್ತ ಐದಾರು ರಾಜ್ಯದವರು ಕೂತು ಇಂಗ್ಲಿಷಿನಲ್ಲಿ ಹರಟುತ್ತಿರುತ್ತಾರೆ. ಕಣ್ಣು ಮುಚ್ಚಿಕೊಂಡು ಕೇಳಿದರೂ ಯಾರು ಯಾವ ಕಡೆಯವರೆಂದು ಹೇಳುವುದು ಅಲ್ಲಿನವರಿಗೆ ಕಷ್ಟವಲ್ಲ. 'ಸಿಂಪ್ಲಿ' ಹೋಗಿ 'ಸಿಂಬ್ಲಿ' ಆಯಿತೋ, ಮಲಯಾಳಿ. 'ವೋಟ್' ಎಂಬುದು 'ಭೋಟ್' ಆಯಿತೋ, ಬಂಗಾಳಿ. 'ಸ್ಕೂಲ್' ಎನ್ನುವಲ್ಲಿ 'ಸಕೂಲ್' ಬಂದರೆ ಪಂಜಾಬಿ. ಸಂಜೆಯ 'ಸ್ನ್ಯಾಕ್ಸ್' 'ಸ್ನೇಕ್ಸ್' ಆಗಿ ಹರಿದಾಡಿದರೆ ಗುಜರಾತಿ. 'ಎಗ್' ಅನ್ನು 'ಯೆಗ್' ಎಂದೂ 'ಓನ್ಲಿ'ಯನ್ನು 'ವೋನ್ಲಿ' ಎಂದೂ ಹೇಳುವವರು ಕನ್ನಡಿಗರು. ಉಳಿದವರೆಲ್ಲ ಅದನ್ನು ಗಮನಿಸಿರುತ್ತಾರೆ, ಹೇಳಿದ ಕನ್ನಡಿಗರ ಕಿವಿಗೆ ಮಾತ್ರ ಅದು ಬಿದ್ದಿರುವುದಿಲ್ಲ.

ಊಟ ಮುಗಿಸಿ ಇದೇ ಜನ ಸಿಯೋಲ್, ಹನೋಯ್, ಬ್ಯಾಂಕಾಕ್, ಶಾಂಘೈಗಳಲ್ಲಿರುವ ಸಹೋದ್ಯೋಗಿಗಳ ಜೊತೆ ವಿಡಿಯೊ ಕರೆಗೆ ಕೂರುತ್ತಾರೆ. ಅಷ್ಟು ಹೊತ್ತು ಚುರುಕಾಗಿದ್ದ ಕಿವಿಗಳು ಈಗ ಮಂಕು. ಕೊರಿಯಾದವರದೋ ವಿಯೆಟ್ನಾಮಿನವರದೋ, ಎಲ್ಲವೂ 'ಚೀನಾದವರ ಥರ' ಕೇಳಿಸುತ್ತದೆ. ಪರದೆಯ ಆ ಬದಿಯಲ್ಲಿ ಸಿಯೋಲ್‌ನವರಿಗೂ ಇದೇ ಪಾಡು. ಅವರ ಪಾಲಿಗೆ ಮಲಯಾಳಿ, ಪಂಜಾಬಿ, ಕನ್ನಡಿಗ ಎಲ್ಲರದೂ ಒಂದೇ 'ಇಂಡಿಯನ್ ಇಂಗ್ಲಿಷ್'.

ಹತ್ತಿರದ್ದು ಹತ್ತಾಗಿಯೂ ದೂರದ್ದು ಒಂದಾಗಿಯೂ ಕೇಳಿಸುವುದು ಯಾಕೆ? ಆಕ್ಸೆಂಟ್ ಎಂದು ಎಲ್ಲರೂ ಕರೆಯುವ ಈ ನುಡಿಧಾಟಿ ಹುಟ್ಟುವುದು ಬಾಯಲ್ಲೋ ಕಿವಿಯಲ್ಲೋ?

ಹಿಂದುಮುಂದಾದರೂ ಸಿಕ್ಕಿಬೀಳುವ ಮಾತು

ಧಾಟಿಯನ್ನು ಗುರುತಿಸಲು ಎಷ್ಟು ಮಾತು ಬೇಕು? ಒಂದು ವಾಕ್ಯ ಬೇಕಾಗಬಹುದು ಎಂದು ಯಾರಾದರೂ ಅಂದಾಜು ಮಾಡಿಯಾರು. ಅಮೆರಿಕದ ಭಾಷಾವಿಜ್ಞಾನಿ ಜೇಮ್ಸ್ ಫ್ಲೆಗಿ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಫ್ರೆಂಚರೂ ಅಮೆರಿಕನ್ನರೂ ಆಡಿದ ಇಂಗ್ಲಿಷನ್ನು ಕತ್ತರಿಸುತ್ತ ಕತ್ತರಿಸುತ್ತ ಹೋದರು. ಕೊನೆಗೆ ಉಳಿದದ್ದು 'ಟ' ಶುರುವಾಗುವಾಗ ನಾಲಿಗೆ ಬಿಟ್ಟುಕೊಡುವ ಸದ್ದಿನ ತುಣುಕು, 30 ಮಿಲಿಸೆಕೆಂಡಿನಷ್ಟು. ಕಣ್ಣು ಮಿಟುಕಿಸುವುದಕ್ಕೂ ಇದರ ಮೂರು ನಾಲ್ಕು ಪಟ್ಟು ಹೊತ್ತು ಬೇಕು. ಅಷ್ಟರಲ್ಲೇ ಅಮೆರಿಕದ ಕೇಳುಗರು ಯಾರು ತಮ್ಮವರು, ಯಾರಲ್ಲ ಎಂಬುದನ್ನು ಬರಿಯ ಊಹೆಗಿಂತ ಚೆನ್ನಾಗಿ ಹೇಳಿದರು.

ಕೆನಡಾದ ಮರ್ರೆ ಮನ್ರೊ ಮತ್ತು ಟ್ರೇಸಿ ಡರ್ವಿಂಗ್ ಅವರ ತಂಡ 2010ರಲ್ಲಿ ಮಾಡಿದ್ದು ಇನ್ನೂ ವಿಚಿತ್ರ. ಚೀನಾದ ಮ್ಯಾಂಡರಿನ್ ಮನೆಮಾತಿನವರ ಇಂಗ್ಲಿಷನ್ನು ಮುದ್ರಿಸಿಕೊಂಡು ಅದನ್ನು ಹಿಂದಿನಿಂದ ಮುಂದಕ್ಕೆ ನುಡಿಸಿ ಕೇಳಿಸಿದರು. ಹಾಗೆ ನುಡಿಸಿದಾಗ ಒಂದು ಪದವೂ ಅರ್ಥವಾಗುವುದಿಲ್ಲ, ವ್ಯಾಕರಣದ ತಪ್ಪೂ ಕಾಣುವುದಿಲ್ಲ. ಆದರೂ ಇದು ಇಂಗ್ಲಿಷ್ ಮನೆಮಾತಿನವರ ಬಾಯಲ್ಲ ಎಂಬುದು ಕೇಳುಗರಿಗೆ ಹೊಳೆಯುತ್ತಿತ್ತು.

ಅಂದರೆ ಧಾಟಿಯನ್ನು ಒಂದೆರಡು 'ತಪ್ಪು ಉಚ್ಚಾರ'ಗಳ ಪಟ್ಟಿ ಎಂದುಕೊಂಡರೆ ಸಾಲದು. ಅದು ಮಾತಿನ ಉದ್ದಕ್ಕೂ, ಒಂದೊಂದು ತುಣುಕಿನಲ್ಲೂ ಇರುತ್ತದೆ.

ಒಗ್ಗರಣೆ ಡಬ್ಬಿ

ಅಡುಗೆಮನೆಯ ಒಗ್ಗರಣೆ ಡಬ್ಬಿಯಲ್ಲಿ ಏಳು ಬಟ್ಟಲು. ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ ಇತ್ಯಾದಿಗೆ ಒಂದೊಂದು. ಯಾರೋ ಒಂದಿಷ್ಟು ಸೋಂಪು ತಂದುಕೊಟ್ಟರು. ಅದಕ್ಕೆಂದು ಬೇರೆ ಬಟ್ಟಲಿಲ್ಲ. ನೋಡಲು ಜೀರಿಗೆಯ ಹಾಗೇ ಇದೆ, ಜೀರಿಗೆಯ ಬಟ್ಟಲಿಗೇ ಸುರಿದದ್ದಾಯಿತು. ಮಾರನೆಯ ದಿನ ಒಗ್ಗರಣೆಗೆ ಕೈಹಾಕಿದರೆ ಏನು ಬರುತ್ತದೆ? ಒಮ್ಮೆ ಜೀರಿಗೆ, ಒಮ್ಮೆ ಸೋಂಪು, ಬಹಳ ಸಲ ಎರಡೂ ಬೆರೆತದ್ದು. ತಪ್ಪು ಕೈಯದಲ್ಲ. ಬಟ್ಟಲಿಗೆ ಸುರಿದಾಗಲೇ ಎರಡೂ ಒಂದಾಗಿದ್ದವು.

ಪ್ರತಿ ಭಾಷೆಯೂ ತನ್ನ ಮಕ್ಕಳ ಮಿದುಳಿನಲ್ಲಿ ಇಂಥದೊಂದು ಡಬ್ಬಿ ಇಡುತ್ತದೆ. ಭಾಷಾವಿಜ್ಞಾನಿಗಳು ಧ್ವನಿಮಾ ಎಂದು ಕರೆಯುವುದನ್ನು ಇಲ್ಲಿ ಬಟ್ಟಲು ಎಂದುಕೊಂಡರೆ ಸಾಕು. ಹುಟ್ಟಿದ ಕೂಸಿನ ಡಬ್ಬಿಗೆ ಇನ್ನೂ ಗಟ್ಟಿಯಾದ ಗೋಡೆಗಳಿರುವುದಿಲ್ಲ. ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದ್ದು ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್, 1984ರಲ್ಲಿ. ಅವರು ಆರಿಸಿಕೊಂಡ ಧ್ವನಿಗಳಲ್ಲಿ ಒಂದು ಜೋಡಿ ಹಿಂದಿಯ 'ತ' ಮತ್ತು 'ಟ'. ಕನ್ನಡದ ಮಗುವಿಗೂ ಇವು ಬೇರೆ ಬೇರೆ; ಇಂಗ್ಲಿಷಿಗೆ ಈ ಭೇದವೇ ಇಲ್ಲ. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ತ-ಟ ವ್ಯತ್ಯಾಸವನ್ನು ಸಲೀಸಾಗಿ ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳಾಗುವ ಹೊತ್ತಿಗೆ ಬಹುಪಾಲು ಕೂಸುಗಳಿಗೆ ಅದು ಕೇಳಿಸದಾಯಿತು. ಬಾಯಿಂದ ಮೊದಲ ಪದ ಹೊರಡುವ ಮುನ್ನವೇ ಕಿವಿ ತನ್ನ ಊರನ್ನು ಆರಿಸಿಕೊಂಡಿತ್ತು.

ಪೆಟ್ರೀಷಿಯಾ ಕೂಲ್ ಅವರ ತಂಡ 2006ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ ಅಮೆರಿಕದ ಮತ್ತು ಜಪಾನಿನ ಶಿಶುಗಳು 'ರ' ಮತ್ತು 'ಲ'ಗಳನ್ನು ಕೇಳಿದವು. ಆರೇಳು ತಿಂಗಳಲ್ಲಿ ಎರಡೂ ಕಡೆಯವು ಸಮಸಮ. ವರ್ಷ ತುಂಬುವ ಹೊತ್ತಿಗೆ ಅಮೆರಿಕದವು ಇನ್ನಷ್ಟು ಚುರುಕಾದವು, ಜಪಾನಿನವು ಹಿಂದೆ ಬಿದ್ದವು. ಜಪಾನಿ ಭಾಷೆಗೆ ಇಲ್ಲಿರುವುದು ಒಂದೇ ಬಟ್ಟಲು. ಅದರಲ್ಲಿರುವ ಧ್ವನಿ ಕನ್ನಡದ 'ರ'ಕಾರದಂತೆ ನಾಲಿಗೆ ಒಮ್ಮೆ ತಟ್ಟಿ ಬರುವಂಥದು. ಇಂಗ್ಲಿಷಿನ ರ, ಲ ಎರಡೂ ಅದರೊಳಕ್ಕೇ ಬೀಳಬೇಕು.

ಈ ರ-ಲ ಗೊಂದಲವನ್ನು ಸಿನಿಮಾ, ಟಿ.ವಿ. ಹಾಸ್ಯಗಾರರು ದಶಕಗಳಿಂದ ಅಗ್ಗದ ನಗೆಗೆ ಬಳಸಿದ್ದಾರೆ. ವಿಜ್ಞಾನಿಗಳಿಗೆ ಅದು ಚಿನ್ನದ ಗಣಿಯಾಯಿತು. ಹಿರೊಮು ಗೊಟೊ 1971ರಲ್ಲಿ ಕಂಡದ್ದು ಇದು: ಅಭ್ಯಾಸಬಲದಿಂದ ಎರಡನ್ನೂ ಸರಿಯಾಗಿ ಉಚ್ಚರಿಸಬಲ್ಲ ಕೆಲವು ಜಪಾನಿಯರು, ತಮ್ಮದೇ ಧ್ವನಿಮುದ್ರಣವನ್ನು ಕೇಳಿದಾಗ ಯಾವುದು ರ, ಯಾವುದು ಲ ಎಂದು ಹೇಳಲು ತಡವರಿಸಿದರು. ಹಾಗಾದರೆ ಅವರ ಕಿವಿಯಲ್ಲೇ ದೋಷವಿದೆಯೇ? ಇಲ್ಲ. ಇಂಗ್ಲಿಷಿನ ಈ ಎರಡು ಧ್ವನಿಗಳನ್ನು ಮುಖ್ಯವಾಗಿ ಬೇರೆ ಮಾಡುವುದು ಬಾಯೊಳಗಿನ ಮೂರನೆಯ ಅನುರಣನದ ಏರಿಳಿತ. 1975ರ ಒಂದು ಪ್ರಯೋಗದಲ್ಲಿ ಆ ಏರಿಳಿತವನ್ನಷ್ಟೇ ಮಾತಿನಿಂದ ಬಿಡಿಸಿ ಕೇಳಿಸಿದಾಗ ಜಪಾನಿಯರು ಅಮೆರಿಕನ್ನರಷ್ಟೇ ಚೆನ್ನಾಗಿ ಗುರುತಿಸಿದರು. ಅದೇ ಸದ್ದು ಮಾತಿನೊಳಗೆ ಸೇರಿಕೊಂಡ ಕೂಡಲೇ ವ್ಯತ್ಯಾಸ ಮಾಯವಾಗುತ್ತಿತ್ತು. ಸದ್ದು ಕಿವಿಗೆ ಬೀಳುತ್ತದೆ, ಬಟ್ಟಲು ಅದನ್ನು ನುಂಗಿಕೊಳ್ಳುತ್ತದೆ.

ಕಲ್ಲು ಮತ್ತು ಕಳ್ಳು

ಬಟ್ಟಲು ಕಡಿಮೆ ಇರುವುದರಿಂದಲೇ ಧಾಟಿ ಬರುತ್ತದೆ ಎಂದುಕೊಳ್ಳುವಂತಿಲ್ಲ; ಹೆಚ್ಚಿದ್ದರೂ ಬರುತ್ತದೆ. ಇಂಗ್ಲಿಷಿನವರ ನಾಲಿಗೆ 'ಟೇಬಲ್' ಎನ್ನುವಾಗ ತುದಿಯಿಂದ ಹಲ್ಲಿನ ಹಿಂದಿನ ವಸಡನ್ನು ಮುಟ್ಟುತ್ತದೆ. ಕನ್ನಡದಲ್ಲಿ ಆ ಜಾಗದಲ್ಲಿ ಬಟ್ಟಲಿಲ್ಲ. ಅದಕ್ಕೆ ಮುಂದೆ, ಹಲ್ಲಿಗೇ ತಾಗುವಂತೆ 'ತ' ಇದೆ. ಹಿಂದೆ, ನಾಲಿಗೆ ಮಡಚುವಲ್ಲಿ 'ಟ' ಇದೆ. ಇಂಗ್ಲಿಷಿನ ಧ್ವನಿ ಭಾರತೀಯರ ಕಿವಿಯಲ್ಲಿ 'ಟ'ದ ಬಟ್ಟಲಿಗೆ ಬೀಳುತ್ತದೆ. 'ಡಾಕ್ಟರ್', 'ಟಿಕೆಟ್' ಎನ್ನುವಾಗ ಕನ್ನಡಿಗರ ನಾಲಿಗೆ ಇಂಗ್ಲಿಷಿಗೆ ಬೇಕಾದ್ದಕ್ಕಿಂತ ಹಿಂದಕ್ಕೆ ಹೋಗಿ ಮಡಚುತ್ತದೆ. ಲಂಡನ್ನಿನ ಕಿವಿಗೆ 'ಭಾರತೀಯ' ಎಂದು ಮೊದಲು ಹೇಳುವ ಸದ್ದು ಇದೇ.

ಕನ್ನಡ ಕಲಿಯಲು ಬರುವ ಇಂಗ್ಲಿಷರಿಗೆ ಇದೇ ಲೆಕ್ಕ ತಿರುಗಿಬೀಳುತ್ತದೆ. ಅವರ ಡಬ್ಬಿಯಲ್ಲಿ ಲ-ಳ, ನ-ಣಗಳಿಗೆ ಒಂದೊಂದೇ ಬಟ್ಟಲು. ಹಳ್ಳಿಗೆ ಹೋದೆ ಎನ್ನಲು ಹೋಗಿ ಹಲ್ಲಿಗೆ ಹೋದೆ ಎನ್ನುತ್ತಾರೆ. ಕಲ್ಲು ಕೇಳಿದ್ದೋ ಕಳ್ಳು ಕೇಳಿದ್ದೋ ಎಂಬುದನ್ನು ಹೊತ್ತು ನೋಡಿ ತಿಳಿಯಬೇಕು.

ಇನ್ನೊಂದು ಗುರುತು ಉಸಿರಿನದು. ಅಂಗೈಯಲ್ಲಿ ತೆಳು ಕಾಗದವನ್ನು ತುಟಿಯ ಮುಂದೆ ಹಿಡಿದು 'ಪಿನ್' ಎಂದರೆ ಇಂಗ್ಲಿಷರ ಕಾಗದ ಅಲುಗುತ್ತದೆ, ಕನ್ನಡಿಗರದು ಅಲುಗುವುದಿಲ್ಲ. ಇಂಗ್ಲಿಷಿನಲ್ಲಿ ತುಟಿ ತೆರೆದ ಮೇಲೆ ಕೊರಳಿನ ನಾದ ಶುರುವಾಗಲು ಸೆಕೆಂಡಿನ 20ನೇ ಒಂದು ಭಾಗದಷ್ಟು ತಡ. ಆ ಸಂದಿನಲ್ಲಿ ಉಸಿರು ನುಗ್ಗುತ್ತದೆ. ಲೀ ಲಿಸ್ಕರ್ ಮತ್ತು ಆರ್ಥರ್ ಅಬ್ರಾಮ್ಸನ್ 1964ರಲ್ಲಿ ಹನ್ನೊಂದು ಭಾಷೆಗಳಲ್ಲಿ ಈ ತಡವನ್ನು ಅಳೆದರು. ತಮಿಳು, ಹಿಂದಿ, ಮರಾಠಿ, ಥಾಯ್, ಕೊರಿಯನ್, ಕ್ಯಾಂಟನೀಸ್ ಅದರಲ್ಲಿದ್ದವು. ಪ್ರತಿ ಭಾಷೆಯೂ ಈ ಅಳತೆಗೋಲನ್ನು ತನ್ನದೇ ರೀತಿಯಲ್ಲಿ ತುಂಡು ಮಾಡಿಕೊಂಡಿದೆ ಎಂಬುದು ಆಗ ಗೊತ್ತಾಯಿತು. ಉಸಿರಿಲ್ಲದ ಕನ್ನಡದ 'ಪಿನ್' ಇಂಗ್ಲಿಷ್ ಕಿವಿಯಲ್ಲಿ ಹಲವು ಸಲ 'ಬಿನ್' ಎಂದೇ ದಾಖಲಾಗುವುದು ಇದರಿಂದ. ತಮಾಷೆಯೆಂದರೆ ಉಸಿರು ಬೆರೆತ ಮಹಾಪ್ರಾಣಗಳು ಕನ್ನಡ ವರ್ಣಮಾಲೆಯಲ್ಲಿ ಸಾಲಾಗಿ ಕೂತಿವೆ. ಆದರೂ ಇಂಗ್ಲಿಷಿನ ಈ ಧ್ವನಿಗೆ ಯಾರೂ ಅವನ್ನು ಮುಟ್ಟುವುದಿಲ್ಲ. ಕಿವಿಗಿಂತ ಮೊದಲು ಪುಸ್ತಕದಿಂದ ಇಂಗ್ಲಿಷ್ ಕಲಿತವರಿಗೆ 'ಪಿ' ಅಕ್ಷರವೆಂದರೆ 'ಪ', ಅಷ್ಟೇ.

ಬಾಲ ನೋಡಿ ಊರು ಹೇಳು

ಪೂರ್ವ ಏಷ್ಯಾದ ಇಂಗ್ಲಿಷನ್ನು ಬಿಡಿಸಿ ಕೇಳಬೇಕೆಂದರೆ ಪದ ಹೇಗೆ ಶುರುವಾಯಿತು ಎನ್ನುವುದಕ್ಕಿಂತ ಹೇಗೆ ಮುಗಿಯಿತು ಎಂಬುದರ ಮೇಲೆ ಕಿವಿಯಿಡುವುದು ಲೇಸು. ಇಂಗ್ಲಿಷ್ ಪದ ಹೆಚ್ಚುಕಡಿಮೆ ಯಾವ ವ್ಯಂಜನದಲ್ಲಿ ಬೇಕಾದರೂ ಮುಗಿದೀತು, ಮೂರು ನಾಲ್ಕು ವ್ಯಂಜನ ಒತ್ತೊತ್ತಾಗಿ ಬಂದರೂ ಅದಕ್ಕೆ ಅಡ್ಡಿಯಿಲ್ಲ. ಏಷ್ಯಾದ ಬಹಳಷ್ಟು ಭಾಷೆಗಳು ಈ ವಿಷಯದಲ್ಲಿ ಕಟ್ಟುನಿಟ್ಟು, ಒಂದೊಂದರ ಕಟ್ಟಳೆ ಒಂದೊಂದು ಬಗೆ.

ಜಪಾನಿ ಭಾಷೆಯಲ್ಲಿ ಪದದ ಕೊನೆಗೆ ಸ್ವರ ಇರಬೇಕು, ಇಲ್ಲವೇ ಒಂದು ಅನುನಾಸಿಕ. ವ್ಯಂಜನಕ್ಕೆ ವ್ಯಂಜನ ತಾಗಿದರೂ ನಡುವೆ ಸ್ವರ ಸೇರುತ್ತದೆ. ಮೆಕ್‌ಡೊನಾಲ್ಡ್ಸ್ ಅಲ್ಲಿ 'ಮಕುದೊನರುದೊ', ಮಿಲ್ಕ್ 'ಮಿರುಕು', ಸ್ಟ್ರೈಕ್ 'ಸುತೊರೈಕು'. ಬಸ್ಸು, ಕಾರು, ಬ್ಯಾಂಕು ಎನ್ನುವ ಕನ್ನಡಿಗರಿಗೆ ಈ 'ಉ'ಕಾರ ಅಪರಿಚಿತವಲ್ಲ. ವಿಶೇಷವೆಂದರೆ ಆ ಸ್ವರ ನಾಲಿಗೆ ಸೇರಿಸಿದ್ದಷ್ಟೇ ಅಲ್ಲ, ಕಿವಿ ಕೇಳಿದ್ದೂ ಹೌದು. ಎಮಾನ್ಯುಯೆಲ್ ಡುಪೂ ಮತ್ತು ಸಂಗಡಿಗರು 1999ರಲ್ಲಿ 'ಎಬ್ಜೊ' ಎಂಬ ಅರ್ಥವಿಲ್ಲದ ಪದವನ್ನು ಫ್ರೆಂಚರಿಗೂ ಜಪಾನಿಯರಿಗೂ ಕೇಳಿಸಿದರು. ಫ್ರೆಂಚರಿಗೆ ಕೇಳಿದ್ದು 'ಎಬ್ಜೊ'. ಜಪಾನಿಯರಲ್ಲಿ ಹೆಚ್ಚಿನವರಿಗೆ 'ಎಬುಜೊ' ಕೇಳಿಸಿತು, ಧ್ವನಿಮುದ್ರಣದಲ್ಲಿ ಇಲ್ಲದ 'ಉ' ಸಮೇತ!

ಕೊರಿಯದವರೂ ಸ್ವರ ಸೇರಿಸುತ್ತಾರೆ. ಪದದ ಕೊನೆಯ 'ಚ', 'ಜ'ಗಳಿಗೆ ಅವರು ಹಚ್ಚುವುದು 'ಇ': ಆರೆಂಜ್ ಅಲ್ಲಿ 'ಒರೆಂಜಿ', ಸ್ಯಾಂಡ್‌ವಿಚ್ 'ಸೆಂಡುವಿಚಿ'. ಕಾಫಿಯಲ್ಲಿನ ಫಕಾರಕ್ಕೆ ಬಟ್ಟಲಿಲ್ಲದ್ದರಿಂದ ಅದು 'ಕೊಪಿ'. ಕೊರಿಯನ್ ಬಾಯಿಯ ಖಚಿತ ಗುರುತು ಬೇಕೆಂದರೆ ಇನ್ನೊಂದಿದೆ, ಅದನ್ನು ಹಿಡಿಯಲು ಕನ್ನಡ ವ್ಯಾಕರಣ ಓದಿದವರೇ ಸರಿ. ಸಿಯೋಲ್‌ನಲ್ಲಿ 'ಬಿಗ್ ಮ್ಯಾಕ್' ಬರ್ಗರ್ ಕೇಳುವವರ ಬಾಯಲ್ಲಿ ಅದು 'ಬಿಙ್ ಮ್ಯಾಕ್' ಆಗುತ್ತದೆ. 'ಗುಡ್ ಮಾರ್ನಿಂಗ್' ಎಂಬುದು 'ಗುನ್ ಮಾರ್ನಿಂಗ್'. ಮುಂದೆ ಅನುನಾಸಿಕ ಬಂದರೆ ಹಿಂದಿನ ವ್ಯಂಜನವೂ ಅನುನಾಸಿಕವಾಗಬೇಕೆಂಬುದು ಕೊರಿಯನ್ ಭಾಷೆಯ ನಿಯಮ. ವಾಕ್ ಮತ್ತು ಮಯ ಸೇರಿ ವಾಙ್ಮಯ, ಷಟ್ ಮತ್ತು ಮುಖ ಸೇರಿ ಷಣ್ಮುಖ ಆದದ್ದು ಇದೇ ಕಟ್ಟಳೆಯಿಂದ. ಹೈಸ್ಕೂಲಿನಲ್ಲಿ ಅನುನಾಸಿಕ ಸಂಧಿಯನ್ನು ಬಾಯಿಪಾಠ ಮಾಡಿದವರು, ಅದು ಬರ್ಗರ್ ಅಂಗಡಿಯಲ್ಲಿ ಕಿವಿಗೆ ಬಿದ್ದೀತೆಂದು ಕನಸಲ್ಲೂ ನೆನೆದಿರಲಾರರು.

ವಿಯೆಟ್ನಾಮಿನಲ್ಲಿ ಸ್ವರ ಸೇರಿಸುವ ಪದ್ಧತಿ ಕಡಿಮೆ. ಬಾಲವನ್ನೇ ಕತ್ತರಿಸುವುದು ಹೆಚ್ಚು. ಆ ಭಾಷೆಯ ಪದಗಳು 'ಸ', 'ಲ', 'ಫ'ಗಳಲ್ಲಿ ಮುಗಿಯುವುದಿಲ್ಲವಾದ್ದರಿಂದ 'ರೈಸ್' ಎಂಬುದು 'ರೈ', 'ಫೈವ್' ಎಂಬುದು 'ಫೈ' ಆಗುತ್ತದೆ. ಇಂಗ್ಲಿಷ್ ತನ್ನ ಬಹುವಚನವನ್ನೂ ಭೂತಕಾಲವನ್ನೂ ಪದದ ಬಾಲಕ್ಕೇ ಕಟ್ಟಿರುವುದರಿಂದ ಬಾಲ ಹೋದಾಗ ವ್ಯಾಕರಣವೂ ಹೋದಂತೆ ಕೇಳಿಸುತ್ತದೆ. ಎಷ್ಟೋ ಸಲ ಮಾತಾಡುವವರಿಗೆ ವ್ಯಾಕರಣ ಚೆನ್ನಾಗಿಯೇ ಗೊತ್ತಿರುತ್ತದೆ.

ಬ್ಯಾಂಕಾಕ್‌ನಲ್ಲಿ ಊಟ ಮುಗಿಸಿದವರು 'ಚೆಕ್ ಬಿನ್' ಎಂದು ಕೈ ಎತ್ತುತ್ತಾರೆ. ಬೇಕಾದದ್ದು ಬಿಲ್. ಥಾಯ್ ಪದ 'ಲ', 'ರ'ಗಳಲ್ಲಿ ಮುಗಿಯುವಂತಿಲ್ಲ, ಅಲ್ಲಿ 'ನ' ಬರಬೇಕು. ಫುಟ್‌ಬಾಲ್ ಕೂಡ 'ಫುತ್‌ಬೊನ್'. ಕೊನೆಯ 'ಸ' ಅಲ್ಲಿ ತಕಾರವಾಗಿ ನಿಲ್ಲುತ್ತದೆ.

ಚೀನೀಯರಿಗೆ ರ-ಲ ಬೇರೆಯಾಗಿ ಬರುವುದಿಲ್ಲವೆಂಬ ಹಳೆಯ ಗೇಲಿ ಅರ್ಧ ಸುಳ್ಳು. ಬೀಜಿಂಗಿನ ಮ್ಯಾಂಡರಿನ್‌ನಲ್ಲಿ ಪದದ ಮೊದಲಿಗೆ ರ-ದಂಥದೂ ಲ-ವೂ ಬೇರೆ ಬೇರೆಯಾಗಿಯೇ ಇವೆ. ತೊಡಕು ಬರುವುದು ಕೊನೆಯಲ್ಲಿ: 'ಪೀಪಲ್' ಎನ್ನುವುದು 'ಪೀಪೊ' ಆಗುತ್ತದೆ. ಹಾಂಗ್‌ಕಾಂಗಿನ ಕ್ಯಾಂಟನೀಸ್ ಬೇರೆಯೇ ಕತೆ. ಅಲ್ಲಿ ರಕಾರವಿಲ್ಲ, ಜೊತೆಗೆ ನ-ಲಗಳು ಬಹಳ ಜನರ ಬಾಯಲ್ಲಿ ಒಂದೇ ಆಗಿವೆ. 'ನೈಟ್' ಎಂದರೋ 'ಲೈಟ್' ಎಂದರೋ ತಿಳಿಯದಂತಾಗುವುದು ಅವರ ಗುರುತು. ಚೀನೀ ಎಂಬ ಒಂದೇ ಹೆಸರಿನ ಒಳಗೆ ಎರಡು ಡಬ್ಬಿಗಳು ಇಷ್ಟು ಬೇರೆ.

ಒಂದೇ ಧ್ವನಿಯನ್ನು ಹಿಡಿದು ಖಂಡ ಸುತ್ತುವುದಾದರೆ ಇಂಗ್ಲಿಷಿನ 'ಥಿಂಕ್' ಪದದ ಮೊದಲ ಸದ್ದೇ ಸಾಕು. ನಾಲಿಗೆಯನ್ನು ಹಲ್ಲುಗಳ ನಡುವೆ ಚಾಚಿ ಉಸಿರೂದುವ ಈ ಧ್ವನಿಗೆ ಏಷ್ಯಾದ ದೊಡ್ಡ ಭಾಷೆಗಳಲ್ಲಿ ಬಟ್ಟಲು ಅಪರೂಪ. ಬೆಂಗಳೂರಿನಲ್ಲಿ ಅದು 'ತ' ಇಲ್ಲವೇ 'ಥ', ಮನಿಲಾದಲ್ಲಿ 'ತ', ಟೋಕಿಯೊ, ಬೀಜಿಂಗ್‌ಗಳಲ್ಲಿ 'ಸ'ದ ಬಳಗ, ಸಿಯೋಲ್‌ನಲ್ಲಿ ಬಿಗಿಹಿಡಿದ 'ಸ್ಸ', ಹಾಂಗ್‌ಕಾಂಗಿನಲ್ಲಿ ಹಲವರಿಗೆ 'ಫ'.

ಮಾತ್ರೆ ಎಣಿಸುವ ನಾಲಿಗೆ

ಹಿಂದುಮುಂದಾಗಿ ನುಡಿಸಿದ ಮಾತಿನಲ್ಲೂ ಧಾಟಿ ಉಳಿದದ್ದು ಹೇಗೆ? ಒಂದು ಕಾರಣ ಲಯ. ಇಂಗ್ಲಿಷ್ ಪದದಲ್ಲಿ ಒಂದು ಜಾಗಕ್ಕೆ ಒತ್ತು ಬಿದ್ದರೆ ಉಳಿದ ಸ್ವರಗಳು ಸೊರಗಿಹೋಗುತ್ತವೆ. 'ಕಂಫರ್ಟಬಲ್' ಎಂದು ಕನ್ನಡಿಗರು ನಾಲ್ಕೂ ಅಕ್ಷರಕ್ಕೆ ನ್ಯಾಯ ಒದಗಿಸಿದರೆ, ಇಂಗ್ಲಿಷರು 'ಕಂಫ್‌ಟ್‌ಬ್ಲ್' ಎಂದು ಮುಕ್ಕಾಲು ಪದ ನುಂಗುತ್ತಾರೆ.

ಜಪಾನಿಯರ ಲಯವನ್ನು ಬೇರೆ ದೇಶದವರಿಗೆ ವಿವರಿಸಲು ಭಾಷಾವಿಜ್ಞಾನಿಗಳು ಹೆಣಗಾಡುತ್ತಾರೆ. ಛಂದಸ್ಸು ಓದಿದ ಕನ್ನಡಿಗರಿಗೆ ಒಂದೇ ಮಾತು ಸಾಕು: ಅವರು ಮಾತ್ರೆ ಎಣಿಸುತ್ತಾರೆ. ತೋಕ್ಯೋ ಎಂಬ ಊರ ಹೆಸರಿಗೆ ಎರಡು ಗುರು, ನಾಲ್ಕು ಮಾತ್ರೆ. ನಿಪ್ಪೊನ್ ಎಂಬ ದೇಶದ ಹೆಸರಿಗೂ ನಾಲ್ಕು. ಐದು-ಏಳು-ಐದು ಎಂದು ಹೈಕುವಿನಲ್ಲಿ ಎಣಿಸುವುದೂ ಈ ಮಾತ್ರೆಗಳನ್ನೇ. ಇಂಗ್ಲಿಷ್ ಆಡುವಾಗಲೂ ಆ ಎಣಿಕೆ ಒಳಗೇ ನಡೆದಿರುತ್ತದೆ.

ಸಿಂಗಪುರದ ಇಂಗ್ಲಿಷ್ ಇನ್ನೊಂದು ಬಗೆ. ಲೋ ಈ ಲಿಂಗ್, ಎಸ್ತರ್ ಗ್ರೇಬ್, ಫ್ರಾನ್ಸಿಸ್ ನೋಲನ್ ಈ ಮೂವರು 2000ದಲ್ಲಿ ಪ್ರಕಟಿಸಿದ ಅಳತೆಯಲ್ಲಿ, ಅಕ್ಕಪಕ್ಕದ ಸ್ವರಗಳ ಉದ್ದದಲ್ಲಿನ ಏರುಪೇರು ಬ್ರಿಟಿಷರಲ್ಲಿ ಹೆಚ್ಚು, ಸಿಂಗಪುರದವರಲ್ಲಿ ಕಡಿಮೆ. ಸೊರಗಬೇಕಾದ ಸ್ವರಗಳು ಅಲ್ಲಿ ಸೊರಗುವುದಿಲ್ಲ. ಭಾರತದ ಇಂಗ್ಲಿಷಿಗೂ ಈ ಗುಣ ಇದೆ.

ಕೇಳುವವರ ಡಬ್ಬಿ

ಇಲ್ಲಿಯವರೆಗಿನದು ಆಡುವವರ ಡಬ್ಬಿಯ ಸಂಗತಿ. ಗುರುತಿಸುವ ಕೆಲಸದಲ್ಲಿ ಇನ್ನೊಂದು ಡಬ್ಬಿಯೂ ಸೇರಿಕೊಂಡಿದೆ, ಕೇಳುವವರದು. ಮಲಯಾಳಿಯ 'ಸಿಂಬ್ಲಿ'ಯನ್ನು ಬೆಂಗಳೂರಿನ ಕಿವಿ ಹಿಡಿಯುವುದಕ್ಕೆ ಕಾರಣ, ಅನುನಾಸಿಕದ ನಂತರ ಬಂದ 'ಪ' ಮಲಯಾಳದಲ್ಲಿ 'ಬ' ಆಗುವುದನ್ನು ಅದು ಸಾವಿರ ಸಲ ಕೇಳಿದೆ. ನಿಯಮದ ಹೆಸರು ಗೊತ್ತಿಲ್ಲದಿದ್ದರೂ ಕಿವಿ ನಿಯಮವನ್ನು ಕಲಿತಿದೆ, ಇಂಗ್ಲಿಷ್ ಪದ ಕೇಳಿದ ಕೂಡಲೇ ಅದನ್ನು ಹಿಮ್ಮುಖವಾಗಿ ಓಡಿಸಿ ಮೂಲ ಊರಿಗೆ ತಲುಪುತ್ತದೆ. ಕೊರಿಯನ್ ಭಾಷೆಯನ್ನು ಎಂದೂ ಕೇಳದ ಕಿವಿಗೆ 'ಬಿಙ್ ಮ್ಯಾಕ್' ಬರೀ ವಿಚಿತ್ರ ಇಂಗ್ಲಿಷ್. ಈಚೆಗೆ ಕೊರಿಯನ್ ಧಾರಾವಾಹಿಗಳಿಗೆ ಅಂಟಿಕೊಂಡಿರುವ ಬೆಂಗಳೂರು, ಮೈಸೂರಿನ ಕಾಲೇಜು ಹುಡುಗಿಯರು ತಮ್ಮ ಅಪ್ಪಂದಿರಿಗಿಂತ ಚೆನ್ನಾಗಿ ಕೊರಿಯನ್ ಧಾಟಿಯನ್ನು ಗುರುತಿಸಿದರೆ ಅದರಲ್ಲಿ ಅಚ್ಚರಿಯೇನಿಲ್ಲ.

ಕಿವಿಗೆ ಸಾಕಷ್ಟು ಸಿಗದಾಗ ಕಣ್ಣು ನಡುವೆ ಬಾಯಿ ಹಾಕುತ್ತದೆ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಪ್ರಯೋಗ ಈಗಲೂ ಚರ್ಚೆಯಲ್ಲಿದೆ. ಒಹಾಯೊದ ಮಹಿಳೆಯೊಬ್ಬರ ಧ್ವನಿಯಲ್ಲಿದ್ದ ಒಂದೇ ಉಪನ್ಯಾಸವನ್ನು ವಿದ್ಯಾರ್ಥಿಗಳಿಗೆ ಕೇಳಿಸಿದರು. ಕೆಲವರ ಮುಂದೆ ಬಿಳಿಯ ಮಹಿಳೆಯ ಚಿತ್ರ, ಉಳಿದವರ ಮುಂದೆ ಏಷ್ಯಾದ ಮಹಿಳೆಯ ಚಿತ್ರ. ಏಷ್ಯಾದ ಮುಖ ಕಂಡವರು ಆ ಅಮೆರಿಕನ್ ಧ್ವನಿಯಲ್ಲೇ ಪರದೇಶದ ಆಕ್ಸೆಂಟ್ ಕೇಳಿದರು. ಅಷ್ಟೇ ಅಲ್ಲ, ಉಪನ್ಯಾಸ ಅವರ ತಲೆಗೆ ಹತ್ತಿದ್ದೂ ಕಡಿಮೆ.

ಹಾಗೆಂದು ಎಲ್ಲವೂ ಕಣ್ಣಿನ ಕಲ್ಪನೆಯೂ ಅಲ್ಲ. ನ್ಯೂಯಾರ್ಕಿನಲ್ಲಿ ಬೆಳೆದ ಚೀನೀ ಮತ್ತು ಕೊರಿಯನ್ ಮೂಲದವರ ಇಂಗ್ಲಿಷನ್ನು ಮೈಕೆಲ್ ನ್ಯೂಮನ್ ಮತ್ತು ಆ್ಯಂಜೆಲಾ ವೂ ಮುಖ ತೋರಿಸದೆ ಕೇಳಿಸಿದರು. 2011ರಲ್ಲಿ ಬಂದ ಅವರ ವರದಿಯ ಪ್ರಕಾರ ಕೇಳುಗರು 'ಏಷ್ಯಾ ಮೂಲ' ಎಂಬುದನ್ನು ಊಹೆಗಿಂತ ಹೆಚ್ಚು ಸಲ ಸರಿಯಾಗಿ ಹೇಳಿದರು. ಚೀನೀಯೋ ಕೊರಿಯನ್ನೋ ಎಂದು ಬೇರೆ ಮಾಡಲು ಮಾತ್ರ ಆಗಲಿಲ್ಲ.

ಈ ಗುರುತಿಸುವಿಕೆ ಪ್ರಾಣ ತೆಗೆದ ಪ್ರಸಂಗವೂ ಏಷ್ಯಾದ ಚರಿತ್ರೆಯಲ್ಲಿದೆ. ಅಲ್ಲಿ ಆಡಿದ್ದು ಇಂಗ್ಲಿಷಲ್ಲ, ಜಪಾನಿ. 1923ರ ಸೆಪ್ಟೆಂಬರ್ 1ರಂದು ಟೋಕಿಯೊ ಸುತ್ತಮುತ್ತ ಭಾರಿ ಭೂಕಂಪವಾಯಿತು. ಕೊರಿಯನ್ನರು ಬಾವಿಗೆ ವಿಷ ಹಾಕುತ್ತಿದ್ದಾರೆಂಬ ಸುಳ್ಳು ಹಬ್ಬಿತು. ಬೀದಿ ಕಾಯಲು ನಿಂತ ಗುಂಪುಗಳು ದಾರಿಹೋಕರನ್ನು ತಡೆದು 'ಜೂಗೊ ಎನ್ ಗೊಜಿಸ್ಸೆನ್', ಅಂದರೆ 'ಹದಿನೈದು ಯೆನ್ ಐವತ್ತು ಸೆನ್', ಎಂದು ಹೇಳಿಸಿದವು. ಕೊರಿಯನ್ ಭಾಷೆಯಲ್ಲಿ ಪದದ ಮೊದಲಿಗೆ ಗ, ಜಗಳು ನಾದ ಕಳೆದುಕೊಳ್ಳುತ್ತವೆ. ನಡುವೆ ಮಾತ್ರ ನಾದ ಉಳಿಯುತ್ತದೆ. ತಮಿಳಿನ ಅಚ್ಚ ಪದಗಳಲ್ಲೂ ಇಂಥದೇ ಏರ್ಪಾಡು. 'ಜೂ' ಎನ್ನಲು ಹೋಗಿ 'ಚೂ' ಎಂದವರು ಸಿಕ್ಕಿಬಿದ್ದರು. ಆ ದಿನಗಳಲ್ಲಿ ಸಾವಿರಾರು ಕೊರಿಯನ್ನರ ಕೊಲೆಯಾಯಿತು. ಚಿಬಾ ಪ್ರಾಂತದ ಫುಕುದಾ ಹಳ್ಳಿಯಲ್ಲಿ ಸೆಪ್ಟೆಂಬರ್ 6ರಂದು ಸತ್ತ ಒಂಬತ್ತು ಮಂದಿಯಂತೂ ಕೊರಿಯನ್ನರೇ ಅಲ್ಲ, ದೂರದ ಕಗಾವಾದಿಂದ ಔಷಧ ಮಾರಲು ಬಂದ ಜಪಾನಿಯರು. ಅವರ ಊರಿನ ಜಪಾನಿ ಧಾಟಿ ಆ ಹಳ್ಳಿಯ ಕಿವಿಗೆ ಪರಿಚಯವಿರಲಿಲ್ಲ.

ಹೊಸ ಬಟ್ಟಲು

ದೊಡ್ಡವರಾದ ಮೇಲೆ ಡಬ್ಬಿಗೆ ಬಟ್ಟಲು ಸೇರಿಸಲು ಬರುತ್ತದೆಯೇ? ಸ್ವಲ್ಪ ಮಟ್ಟಿಗೆ ಬರುತ್ತದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಡೇವಿಡ್ ಪಿಸೋನಿ ಮತ್ತು ಸಂಗಡಿಗರು 1991ರಲ್ಲಿ ಜಪಾನಿಯರಿಗೆ ರ-ಲ ತರಬೇತಿ ಕೊಟ್ಟರು. ಒಬ್ಬರದೇ ಧ್ವನಿಯನ್ನು ಕೇಳಿಸುವುದು ಬಿಟ್ಟು, ಹಲವು ಜನರ ಬಾಯಲ್ಲಿ, ಪದದ ಬೇರೆ ಬೇರೆ ಜಾಗಗಳಲ್ಲಿ ಆ ಧ್ವನಿಗಳನ್ನು ಕೇಳಿಸಿ ಸರಿ-ತಪ್ಪು ಹೇಳುತ್ತ ಹೋದರು. ಕೆಲವು ವಾರಗಳಲ್ಲಿ ಕಿವಿ ಸುಧಾರಿಸಿತು. ಮುಂದಿನ ಅಧ್ಯಯನಗಳಲ್ಲಿ, ಬರೀ ಕೇಳಿದವರ ಉಚ್ಚಾರವೂ ಸುಧಾರಿಸಿದ್ದು ಕಂಡುಬಂತು. ನಾಲಿಗೆಗೆ ಯಾರೂ ಪಾಠ ಹೇಳಿರಲಿಲ್ಲ.

2000ದ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ತಲೆಯೆತ್ತಿದಾಗ ಇದರ ತದ್ವಿರುದ್ಧ ಹಾದಿ ಹಿಡಿದವು. ರಾತ್ರಿ ಪಾಳಿಗೆ ಸೇರಿದ ಹುಡುಗ-ಹುಡುಗಿಯರಿಗೆ ನಾಲಿಗೆ ಎಲ್ಲಿ ತಾಗಬೇಕು, ಉಸಿರು ಎಲ್ಲಿ ಬಿಡಬೇಕು ಎಂದು ಆಕ್ಸೆಂಟ್ ತರಗತಿ ನಡೆಸಿದವು. ಈಗ ಕೆಲವು ಕಂಪನಿಗಳು ಆ ಕೆಲಸವನ್ನು ಸಾಫ್ಟ್‌ವೇರಿಗೆ ಒಪ್ಪಿಸಿವೆ. ಇಲ್ಲಿ ಆಡಿದ್ದು ಅಲ್ಲಿಗೆ ತಲುಪುವಷ್ಟರಲ್ಲಿ ಧಾಟಿ ಬದಲಾಗಿರುತ್ತದೆ.

ಭಾಷೆಯೇ ಬಟ್ಟಲು ಸೇರಿಸಿಕೊಳ್ಳುವುದೂ ಉಂಟು. ಫಿಲಿಪ್ಪೀನ್ಸಿನ ತಗಾಲೊಗ್ ಭಾಷೆಗೆ ಫಕಾರವಿರಲಿಲ್ಲ. 1940ರ ಹೊತ್ತಿಗೆ ಬಳಕೆಗೆ ಬಂದ 20 ಅಕ್ಷರಗಳ ವರ್ಣಮಾಲೆಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ, ದೇಶದ ಹೆಸರೇ 'ಪಿಲಿಪಿನಾಸ್'. 1987ರ 28 ಅಕ್ಷರಗಳ ವರ್ಣಮಾಲೆಗೆ ಅದು ಬಂದು ಕೂತಿತು. ಮನಿಲಾದ ಓದಿದ ತರುಣರು ಈಗ ಅದನ್ನು ಲೀಲಾಜಾಲವಾಗಿ ನುಡಿಯುತ್ತಾರೆ. ಹೊಸದಾಗಿ ಕಲಿತವರು ಒಮ್ಮೊಮ್ಮೆ ಬೇಡದ ಕಡೆಯೂ ಪಕಾರವನ್ನು ಫಕಾರ ಮಾಡುತ್ತಾರೆ. ಹಕ್ಕಿಯನ್ನು ಅಕ್ಕಿ ಎನ್ನುತ್ತೀ ಎಂದು ಬೈಸಿಕೊಂಡವರು ಆಮೇಲೆ ಹಕ್ಕಿ ರೊಟ್ಟಿ ತಟ್ಟುವುದಿಲ್ಲವೇ, ಹಾಗೆ.

ಸಿಂಗಪುರದಲ್ಲಿ ಸಂಗತಿ ಇನ್ನೂ ಮುಂದೆ ಹೋಗಿದೆ. 2020ರ ಜನಗಣತಿಯಲ್ಲಿ ಐದು ವರ್ಷ ದಾಟಿದ ನಿವಾಸಿಗಳ ಪೈಕಿ ಶೇಕಡ 48.3 ಜನ ಮನೆಯಲ್ಲಿ ಹೆಚ್ಚಾಗಿ ಆಡುವುದು ಇಂಗ್ಲಿಷ್ ಎಂದು ಬರೆಸಿದರು. ಈ ಮನೆಗಳ ಕೂಸು ವರ್ಷ ತುಂಬುವ ಮೊದಲು ತನ್ನ ಡಬ್ಬಿ ಕಟ್ಟಿಕೊಳ್ಳುವುದು ಅಪ್ಪ-ಅಮ್ಮ ಆಡುವ ಇಂಗ್ಲಿಷಿನಿಂದಲೇ. ಆ ಇಂಗ್ಲಿಷಿಗೆ ಲಯ ಬಂದಿರುವುದು ಅಜ್ಜ-ಅಜ್ಜಿಯರು ಆಡುತ್ತಿದ್ದ ಹೊಕ್ಕಿಯನ್, ಮಲಯ, ತಮಿಳುಗಳಿಂದ. ಅದರಲ್ಲಿ 'ತ್ರೀ' ಎಂಬ ಸಂಖ್ಯೆಯೂ 'ಟ್ರೀ' ಎಂಬ ಮರವೂ ಹಲವರ ಬಾಯಲ್ಲಿ ಒಂದೇ. ಧಾಟಿ ಹಾಗೇ ಉಳಿದಿದೆ, ಆದರೆ ಅದರ ಹಿಂದೆ ಈಗ ಬೇರೊಂದು ಮನೆಮಾತಿಲ್ಲ. ಆ ಮಗು ಮುಂದೆ ಲಂಡನ್ನಿಗೆ ಓದಲು ಹೋದಾಗ, ಇಂಗ್ಲಿಷನ್ನು ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ ಅದಕ್ಕಿರುವ ಉತ್ತರ ಒಂದೇ: ಮನೆಯಲ್ಲಿ.